ಮಾಮ, ಯಾವ ಗೇಮ್ ಹಾಕ್ಲಿ?

ಅಕ್ಕನ ಮಗ ಇಂಜಿನಿಯರಿಂಗ್ ಸೇರಿದ. ಸೀಟು ಸಿಕ್ಕರೆ ಕೊಡಿಸ್ತೀನಿ ಅಂದಿದ್ದ ಕಂಪ್ಯೂಟರನ್ನು ಭಾವ ಮಾತಿಗೆ ತಪ್ಪದೆ ಕೊಡಿಸಿದರು. ಡಬ್ಬಿ ಬಿಚ್ಚಿ ಅರ್ಧ ಗಂಟೆ ಆಗಿರಲಿಲ್ಲ, ವಾಟ್ಸ್ಯಾಪಿನಲ್ಲಿ ಮೆಸೇಜು: ‘ಮಾಮ, ಯಾವ ಗೇಮ್ ಹಾಕ್ಲಿ? ವ್ಯಾಲರಂಟಾ, ಸಿಎಸ್ಸಾ, ಡೋಟಾನಾ?’ ಮೂರೂ ಇಂಟರ್ನೆಟ್ಟಿನಲ್ಲಿ ತಂಡ ಕಟ್ಟಿ ಆಡುವ ಗೇಮುಗಳು. ಆ ಮೆಸೇಜಿನ ಕೆಳಗೇ ಇನ್ನೊಂದು: ‘ಅಪ್ಪಗೆ ಹೇಳಬ್ಯಾಡ.’

ಒಂದು ಸಾಲಿನಲ್ಲಿ ಉತ್ತರ ಹಾಕಿ ಮುಗಿಸಬಹುದಿತ್ತು. ಆದರೆ ಇದೇ ಪ್ರಶ್ನೆಯನ್ನು ನಮ್ಮ ಜೀನ್ಸ್ ಯೂನಿಟ್ಟಿನ ಹುಡುಗರೂ ಕೇಳುತ್ತಾರೆ, ಮಗನ ಕಾಟ ತಾಳಲಾರದೆ ಎದುರು ಮನೆಯವರೂ ಕೇಳುತ್ತಾರೆ. 2003ರಿಂದ ಆಡುತ್ತಿದ್ದೇನೆ. ಕನ್ನಡಕ ಬಂತು, ಬಿಳಿ ಕೂದಲು ಬಂತು, ಒಳ್ಳೆ ರ‍್ಯಾಂಕ್ ಮಾತ್ರ ಬರಲಿಲ್ಲ. ಹಾಗಾಗಿ ಗೆಲ್ಲುವುದು ಹೇಗೆ ಅಂತ ನನ್ನನ್ನು ಕೇಳಬೇಡಿ. ಯಾವುದನ್ನು ಆರಿಸಬೇಕು ಅಂದರೆ ಹೇಳಬಲ್ಲೆ.

ಯೂಟ್ಯೂಬಿನಲ್ಲಿ ಗೇಮು ಹೋಲಿಸುವವರು ಗ್ರಾಫಿಕ್ಸು, ಎಫ್‌ಪಿಎಸ್ಸು (ಸೆಕೆಂಡಿಗೆ ಎಷ್ಟು ಚಿತ್ರ) ಅಂತ ಶುರು ಮಾಡುತ್ತಾರೆ. ನಾನು ಮೊದಲು ಕೇಳುವುದು ಇಷ್ಟೇ: ಆಟದ ನಡುವೆ ಎದ್ದು ಹೋಗಬೇಕಾಗಿ ಬಂದರೆ ಆ ಗೇಮು ನಿನಗೇನು ಮಾಡುತ್ತದೆ? ಬಳ್ಳಾರಿಯಲ್ಲಿ ಕೂತು ಆಡುವವನಿಗೆ ಇದಕ್ಕಿಂತ ದೊಡ್ಡ ಪ್ರಶ್ನೆ ಇಲ್ಲ. ಏಪ್ರಿಲ್ ಮಧ್ಯಾಹ್ನ ಕರೆಂಟು ಹೋಗುತ್ತದೆ. ಚರಂಡಿ ಕೆಲಸಕ್ಕೆ ಜೆಸಿಬಿ ಬಂತೆಂದರೆ ಓಣಿಯ ಫೈಬರ್ ಹೋಯಿತು ಅಂತಲೇ ಲೆಕ್ಕ. ಅವ್ವ ಗಿರಣಿಗೆ ಹೋಗಿ ಜೋಳ ಬೀಸಿಸಿಕೊಂಡು ಬಾ ಅಂತಾಳೆ. ನನಗಾದರೆ ಕಟಿಂಗ್ ಮಾಸ್ಟರ್ ಫೋನು. ಇದ್ಯಾವುದಕ್ಕೂ ಎದುರಿನ ತಂಡ ಕಾಯುವುದಿಲ್ಲ.

ಎರಡು ಬೀಪ್

ನಾನು ಆಟ ಕಲಿತದ್ದು ರಾಯಲ್ ಸರ್ಕಲ್ ಕಡೆಯ ಓಣಿಯೊಂದರ ಗೇಮಿಂಗ್ ಕೆಫೆಯಲ್ಲಿ. ಹತ್ತು ಕಂಪ್ಯೂಟರು, ಎದುರುಬದುರು ಎರಡು ಸಾಲು, ಗಂಟೆಗೆ ಇಪ್ಪತ್ತು ರೂಪಾಯಿ. ಹಾಫ್-ಲೈಫ್ ಎಂಬ ಗೇಮಿನ ಮೇಲೆ 1999ರಲ್ಲಿ ಇಬ್ಬರು ಹುಡುಗರು ಹವ್ಯಾಸಕ್ಕೆ ಕಟ್ಟಿದ್ದ ಕೌಂಟರ್-ಸ್ಟ್ರೈಕ್, ಅಂದರೆ ಸಿಎಸ್, ಅಷ್ಟೊತ್ತಿಗೆ 1.6ನೇ ಆವೃತ್ತಿಗೆ ಬಂದಿತ್ತು. ಇಂಟರ್ನೆಟ್ಟಿನ ಹಂಗಿಲ್ಲ, ಕೆಫೆಯೊಳಗಿನ ವೈರೇ ಸಾಕು. ಯಾರು ಹೊಡೆದರು ಅನ್ನುವುದು ಎದುರು ಸಾಲಿನ ಕೂಗಿನಲ್ಲೇ ಗೊತ್ತಾಗುತ್ತಿತ್ತು.

ಒಂದು ಸಂಜೆ ನಮ್ಮ ಕಡೆ ನಾನೊಬ್ಬನೇ ಉಳಿದಿದ್ದೆ. ಡಸ್ಟ್2 ಎಂಬ ಮ್ಯಾಪಿನ ಬಿ ಸೈಟಿನಲ್ಲಿ ಎದುರಿನವರು ಬಾಂಬು ಇಟ್ಟಾಗಿತ್ತು, ಸಿಡಿಯುವ ಮೊದಲು ಅದನ್ನು ಆರಿಸಬೇಕಿತ್ತು. ಅವರ ಕಡೆಯ ಕೊನೆಯವನನ್ನೂ ಉರುಳಿಸಿ ಬಾಂಬಿನ ಮೇಲೆ ಕೂತೆ, ಕರೆಂಟು ಹೋಯಿತು. ಹತ್ತು ಯುಪಿಎಸ್ಸುಗಳು ಒಟ್ಟಿಗೆ ಬೀಪ್ ಬೀಪ್. ಹೆಡ್‌ಫೋನಿನೊಳಗೆ ಬಾಂಬೂ ಬೀಪ್ ಬೀಪ್. ಸಿಡಿಯುವ ಹೊತ್ತು ಹತ್ತಿರ ಬಂದಂತೆ ಬಾಂಬಿನ ಬೀಪ್ ಜೋರಾಗುತ್ತದೆ. ಬ್ಯಾಟರಿ ಸಾಯುವ ಹೊತ್ತಿಗೆ ಯುಪಿಎಸ್ಸಿನದೂ ಹಾಗೆಯೇ. ಯಾವುದು ಯಾವುದು ಅಂತ ತಿಳಿಯದು. ಬಾಂಬು ಆರಿಸಲು ಡಿಫ್ಯೂಸ್ ಕಿಟ್ ಇದ್ದರೆ ಐದು ಸೆಕೆಂಡು, ಇಲ್ಲದಿದ್ದರೆ ಹತ್ತು. ಕಿಟ್ಟಿಗೆ ಆಟದ ದುಡ್ಡಿನಲ್ಲಿ ಬರೀ ಇನ್ನೂರು ಡಾಲರು, ಅದನ್ನೂ ನಾನು ಉಳಿಸಿದ್ದೆ. ಗೆರೆ ಇನ್ನೇನು ತುಂಬಬೇಕು, ಸ್ಕ್ರೀನು ಕಪ್ಪಾಯಿತು. ಸಿಡಿದದ್ದು ಬಾಂಬಲ್ಲ, ಸತ್ತದ್ದು ಬ್ಯಾಟರಿ. ಆ ರೌಂಡಿನ ತೀರ್ಪು ಇವತ್ತಿಗೂ ಬಾಕಿ. ಎದುರು ಸಾಲಿನಲ್ಲಿದ್ದ ಒಬ್ಬ ಈಗಲೂ ಮದುವೆ ಮನೆಯಲ್ಲಿ ಸಿಕ್ಕರೆ ಪಂಕ್ತಿಯಿಂದಲೇ ಕೂಗುತ್ತಾನೆ: ‘ಲೇ, ಬಾಂಬ್ ಸಿಡಿದಿತ್ತಲೇ.’

ಕೆಫೆಯ ಅಣ್ಣ ಆ ಗಂಟೆಯ ದುಡ್ಡು ತಗೊಳ್ಳಲಿಲ್ಲ. ಕರೆಂಟು ಹೋದರೆ ಫ್ರೀ ಅನ್ನುವುದು ಅವನ ನಿಯಮ. ನಡುವೆ ನಿಂತ ಆಟಕ್ಕೆ ಅಷ್ಟು ಮರ್ಯಾದೆ ಕೊಟ್ಟವರನ್ನು ಆಮೇಲೆ ನಾನು ಕಾಣಲಿಲ್ಲ.

ಅದು ಗಣಿ ದುಡ್ಡು ಊರಲ್ಲಿ ಹರಿದಾಡಲು ಶುರುವಾಗಿದ್ದ ಕಾಲ. ಲಾರಿ ಓನರುಗಳ ಮಕ್ಕಳು ರಾತ್ರಿಯಿಡೀ ಕೆಫೆಯನ್ನೇ ಬುಕ್ ಮಾಡಿ, ಬೆಳಿಗ್ಗೆ ಎಲ್ಲರಿಗೂ ಒಗ್ಗರಣಿ-ಮಿರ್ಚಿ ತಿನ್ನಿಸಿ ಕಳಿಸುತ್ತಿದ್ದರು. 2011ರ ಜುಲೈನಲ್ಲಿ ಸುಪ್ರೀಂ ಕೋರ್ಟು ಜಿಲ್ಲೆಯ ಗಣಿಗಾರಿಕೆ ನಿಲ್ಲಿಸಿತು. ಲಾರಿ ನಿಂತವು, ನೈಟ್ ಬುಕಿಂಗೂ ನಿಂತಿತು. ಈಗ ಆ ಜಾಗದಲ್ಲಿ ಮೊಬೈಲ್ ಕವರಿನ ಅಂಗಡಿ ಇದೆ.

ಸಿಎಸ್2ನೋ ವ್ಯಾಲರಂಟೋ

ಇವನ ಪ್ರಶ್ನೆಯ ಮುಖ್ಯ ಭಾಗ ಇದೇ. ಹೊರಗಿನಿಂದ ನೋಡಿದರೆ ಎರಡೂ ಒಂದೇ: ಐದು ಜನ ಐದು ಜನರ ಮೇಲೆ, ಒಂದು ತಂಡ ಬಾಂಬು ಇಡಬೇಕು, ಇನ್ನೊಂದು ತಡೆಯಬೇಕು, ಹದಿಮೂರು ರೌಂಡು ಮೊದಲು ಗೆದ್ದವರದ್ದು ಮ್ಯಾಚು. ಸಿಎಸ್2 ಬಂದದ್ದು 2023ರ ಸೆಪ್ಟೆಂಬರಿನಲ್ಲಿ, ಹಳೆಯ ಸಿಎಸ್-ಗೋದ ಜಾಗದಲ್ಲೇ ಬಂದು ಕೂತಿತು. ವ್ಯಾಲರಂಟ್ 2020ರ ಜೂನಿನದು.

ಕೈಗೆ ಹಿಡಿದರೆ ಬೇರೆ ಬೇರೆ. ಸಿಎಸ್‌ನಲ್ಲಿ ನಿನ್ನ ಹತ್ತಿರ ಇರುವುದು ಬಂದೂಕು, ಹೊಗೆ, ಕಣ್ಣು ಕುಕ್ಕುವ ಫ್ಲ್ಯಾಶು, ಬೆಂಕಿ ಬಾಟಲಿ. ಎಲ್ಲರಿಗೂ ಅವೇ. ಎಕೆ-47ರ ಗುಂಡು ಮೊದಲು ಮೇಲಕ್ಕೆ, ಆಮೇಲೆ ಅಕ್ಕಪಕ್ಕಕ್ಕೆ ಸರಿಯುವ ದಾರಿಯನ್ನು ಕೈ ಬಾಯಿಪಾಠ ಮಾಡಿಕೊಳ್ಳಬೇಕು. ಅದಕ್ಕೆ ತಿಂಗಳುಗಟ್ಟಲೆ ಬೇಕು. ವ್ಯಾಲರಂಟಿನಲ್ಲಿ ಒಬ್ಬೊಬ್ಬ ಏಜೆಂಟಿಗೆ ಒಂದೊಂದು ವಿದ್ಯೆ: ಒಬ್ಬಳು ಗೋಡೆ ಎಬ್ಬಿಸುತ್ತಾಳೆ, ಒಬ್ಬ ಬಾಣ ಬಿಟ್ಟು ಆಚೆ ಯಾರಿದ್ದಾರೆ ಅಂತ ನೋಡುತ್ತಾನೆ. ಗುರಿ ಸರಿಯಿಲ್ಲದವನೂ ತಂಡಕ್ಕೆ ಉಪಯೋಗಕ್ಕೆ ಬರುತ್ತಾನೆ. ನನ್ನಂಥವನಿಗೆ ಇದು ದೊಡ್ಡ ಸಮಾಧಾನ. ಆದರೂ ಆಟದ ಅಚ್ಚುಕಟ್ಟು ಅಂತ ಕೇಳಿದರೆ ಸಿಎಸ್ಸೇ ಮೇಲು. ಹಳಬರ ಹಠ ಅನ್ನಿ ಬೇಕಾದರೆ.

ಮೆಷಿನ್ನಿನ ವಿಷಯಕ್ಕೆ ಬಂದರೆ ವ್ಯಾಲರಂಟ್ ಹಗುರ, ಬೇರೆ ಗ್ರಾಫಿಕ್ಸ್ ಕಾರ್ಡಿಲ್ಲದಿದ್ದರೂ ಹೇಗೋ ಓಡುತ್ತದೆ. ಸಿಎಸ್2 ತನ್ನ ಅಣ್ಣ ಸಿಎಸ್-ಗೋಗಿಂತ ಬಹಳ ಹೆಚ್ಚು ಕೇಳುತ್ತದೆ. ಆದರೆ ವ್ಯಾಲರಂಟಿನ ಜತೆ ವ್ಯಾನ್‌ಗಾರ್ಡ್ ಎಂಬ ಕಾವಲುಗಾರ ಬರುತ್ತಾನೆ. ಮೋಸ ಹಿಡಿಯಲು ಅವನು ಕಂಪ್ಯೂಟರಿನ ಒಳಮನೆಗೇ, ವಿಂಡೋಸ್ ಏಳುವಾಗಲೇ ಬಂದು ಕೂರುತ್ತಾನೆ. ವಿಂಡೋಸ್ 11 ಆದರೆ ಟಿಪಿಎಂ 2.0, ಸೆಕ್ಯೂರ್ ಬೂಟ್ ಎಂಬ ಮೆಷಿನ್ನಿನ ಭದ್ರತಾ ವ್ಯವಸ್ಥೆಗಳು ಎರಡೂ ಆನ್ ಇರಬೇಕು. ಸೆಕೆಂಡ್ ಹ್ಯಾಂಡ್ ಮೆಷಿನ್ ತಗೊಳ್ಳುವವರು ಮೊದಲು ಇದನ್ನು ನೋಡಿಕೊಳ್ಳಿ. ಪಿಎಫ್, ಜಿಎಸ್‌ಟಿ ಎಲ್ಲ ಇರುವ ನನ್ನ ಆಫೀಸ್ ಕಂಪ್ಯೂಟರಿಗೆ ನಾನು ಅವನನ್ನು ಬಿಟ್ಟುಕೊಂಡಿಲ್ಲ. ಮನೆಯದಕ್ಕೆ ಬಿಟ್ಟುಕೊಂಡಿದ್ದೇನೆ, ಮೋಸಗಾರರು ಕಣ್ಣಿಗೆ ಬೀಳುವುದು ಕಡಿಮೆ ಆಗಿದೆ. ಸಿಎಸ್2 ಪುಕ್ಕಟೆಯೇ, ಆದರೆ ಪ್ರೈಮ್ ಅಂತ ದುಡ್ಡು ಕಟ್ಟದಿದ್ದರೆ ರ‍್ಯಾಂಕಿನ ಆಟವಿಲ್ಲ, ಸಿಗುವ ಜತೆಗಾರರೂ ಅಷ್ಟಕ್ಕಷ್ಟೇ.

ಈಗ ನನ್ನ ಪ್ರಶ್ನೆ. ಕರೆಂಟು ಹೋಯಿತು, ಏನಾಗುತ್ತದೆ? ಎರಡರಲ್ಲೂ ಬೇಗ ವಾಪಸು ಬಂದರೆ ಅದೇ ಮ್ಯಾಚಿಗೆ ಸೇರಿಕೊಳ್ಳಬಹುದು. ಬರದಿದ್ದರೆ ಸಿಎಸ್‌ನಲ್ಲಿ ಮೊದಲ ಸಲ ಅರ್ಧ ಗಂಟೆ ನಿಷೇಧ, ಮತ್ತೆ ಆದರೆ ಎರಡು ಗಂಟೆ, ಆಮೇಲೆ ಒಂದು ದಿನ, ಕೊನೆಗೆ ಒಂದು ವಾರ. ಕರೆಂಟು ಹೋದದ್ದಾ, ಸಿಟ್ಟಿಗೆ ಬಿಟ್ಟು ಹೋದದ್ದಾ ಅಂತ ಅದು ವಿಚಾರಿಸುವುದಿಲ್ಲ. ಒಂದು ಮೇ ತಿಂಗಳಲ್ಲಿ ಒಂದು ವಾರದ ಶಿಕ್ಷೆ ಎರಡು ಸಲ ಉಂಡವನು ನಾನು. ವ್ಯಾಲರಂಟೂ ಶಿಕ್ಷೆ ಹಾಕುತ್ತದೆ, ಪಾಯಿಂಟೂ ಕೀಳುತ್ತದೆ. ಆದರೆ ಅದರಲ್ಲಿ ಸ್ವಿಫ್ಟ್‌ಪ್ಲೇ ಅಂತ ಐದು ರೌಂಡು ಗೆದ್ದರೆ ಮುಗಿಯುವ ಆಟ ಇದೆ, ಕಾಲು ಗಂಟೆಯ ಬಾಬತ್ತು. ಪೂರ್ತಿ ಮ್ಯಾಚು ಮುಕ್ಕಾಲು ಗಂಟೆಯ ತನಕ ಎಳೆಯುತ್ತದೆ. ಹಾಗಾಗಿ ಅಳಿಯನಿಗೆ ನನ್ನ ತೀರ್ಪು ವ್ಯಾಲರಂಟ್, ಅದರಲ್ಲೂ ಸ್ವಿಫ್ಟ್‌ಪ್ಲೇ. ರ‍್ಯಾಂಕು ಮಳೆಗಾಲಕ್ಕಿರಲಿ.

ಅವನ ತಂಗಿ ಅವನಿಗಿಂತ ಚೆನ್ನಾಗಿ ಆಡುತ್ತಾಳೆ, ನನ್ನ ಕಂಪ್ಯೂಟರಿನಲ್ಲಿ ನೋಡಿದ್ದೇನೆ. ಮೈಕು ಮಾತ್ರ ಮುಟ್ಟುವುದಿಲ್ಲ. ಯಾಕವ್ವಾ ಅಂದರೆ ‘ಹುಡುಗಿ ದನಿ ಕೇಳಿದ್ ಕೂಡಲೇ ಆಟ ಬಿಟ್ಟು ಬ್ಯಾರೆ ಶುರು ಮಾಡ್ತಾರ ಮಾಮ’ ಅಂದಳು. ಎರಡು ಗೇಮಿನಲ್ಲೂ ಒಬ್ಬೊಬ್ಬರನ್ನೇ ಮ್ಯೂಟ್ ಮಾಡಬಹುದು, ಮಾತಾಡದೆ ಮ್ಯಾಪಿನಲ್ಲಿ ಗುರುತು ಹಾಕಿ ಸೂಚನೆಯನ್ನೂ ಕೊಡಬಹುದು. ಅವಳು ಹಾಗೇ ಆಡುತ್ತಾಳೆ. ಕೆಫೆಯಲ್ಲಿ ಬಾಯಿ ಹೊಲಸು ಮಾಡಿದವನಿಗೆ ಹಿಂದಿನಿಂದ ಒಂದು ಬೀಳುತ್ತಿತ್ತು. ಆ ಅನುಕೂಲ ಈಗಿಲ್ಲ.

ಡೋಟಾ 2

ಐದೈದು ಜನರ ಎರಡು ತಂಡ, ಒಬ್ಬೊಬ್ಬರಿಗೂ ಒಬ್ಬೊಬ್ಬ ಹೀರೋ, ಎದುರಿನವರ ನೆಲೆ ಕೆಡವಿದವರು ಗೆದ್ದಂತೆ. ಅಳಿಯ ಕೇಳಿದ ಮೂರರಲ್ಲಿ ನನ್ನ ಪ್ರಶ್ನೆಗೆ ನೇರ ಉತ್ತರ ಇಟ್ಟುಕೊಂಡಿರುವುದು ಇದೊಂದೇ. ಇದರಲ್ಲಿ ಆಟ ತಡೆದು ನಿಲ್ಲಿಸುವ ಪಾಝ್ ಬಟನ್ ಇದೆ. ಯಾರದ್ದಾದರೂ ಲೈನು ಹೋದರೆ ಆಟವನ್ನೇ ನಿಲ್ಲಿಸಿ ಕಾಯಬಹುದು. ಎದುರಿನವರು ಸ್ವಲ್ಪ ಹೊತ್ತಾದ ಮೇಲೆ ಬಿಡಿಸಿಬಿಡಬಹುದು ನಿಜ, ಆದರೂ ಎಷ್ಟೋ ಸಲ ಗುರುತಿಲ್ಲದವರು ನನಗಾಗಿ ಕಾದಿದ್ದಾರೆ. ಐದು ನಿಮಿಷಕ್ಕೂ ಹೆಚ್ಚು ಕಾಣೆಯಾದರೆ ಮಾತ್ರ ಬಿಟ್ಟುಹೋದ ಲೆಕ್ಕ. ಅದು ಮತ್ತೆ ಮತ್ತೆ ಆದರೆ ನಿನ್ನಂಥ ಬಿಟ್ಟುಹೋದವರ ಗುಂಪಿನಲ್ಲೇ ಆಡಿಸುತ್ತಾರೆ. ಆ ಗುಂಪಿನಲ್ಲಿ ಒಂದು ವಾರ ಕಳೆದು ಬಂದವನಿಗೆ ತಾಳ್ಮೆ ಎಂದರೇನು ಅಂತ ಬೇರೆ ಯಾರೂ ಹೇಳಿಕೊಡಬೇಕಿಲ್ಲ.

2013ರಿಂದ ಇದೆ, ನೂರಕ್ಕೂ ಹೆಚ್ಚು ಹೀರೋಗಳು, ಎಲ್ಲ ಮೊದಲ ದಿನದಿಂದಲೇ ಪುಕ್ಕಟೆ. ಕಷ್ಟ ಇರುವುದು ಕಲಿಯುವುದರಲ್ಲಿ. ಒಂದು ಸಣ್ಣ ಉದಾಹರಣೆ: ತಗ್ಗಿನಲ್ಲಿ ನಿಂತು ದಿಬ್ಬದ ಮೇಲಿರುವವನಿಗೆ ದೂರದಿಂದ ಹೊಡೆದರೆ ನೂರಕ್ಕೆ ಇಪ್ಪತ್ತೈದು ಏಟು ತಪ್ಪುತ್ತವೆ. ನಮ್ಮೂರಿನವರಿಗೆ ಇದನ್ನು ಬಿಡಿಸಿ ಹೇಳಬೇಕಾಗಿಲ್ಲ. ಕೋಟೆ ಕಟ್ಟಿಸಿ ಮುಗಿಸಿದ ಮೇಲೆ ಎದುರಿನ ಕುಂಬಾರ ಗುಡ್ಡ ಕೋಟೆಗಿಂತ ಎತ್ತರ ಅಂತ ತಿಳಿದು ಹೈದರಾಲಿ ಫ್ರೆಂಚ್ ಇಂಜಿನಿಯರನ್ನು ಗಲ್ಲಿಗೇರಿಸಿದ ಅನ್ನುವ ಕಥೆ ಊರಿನ ಮಕ್ಕಳಿಗೆಲ್ಲ ಗೊತ್ತು. ಇಂಥ ನಿಯಮಗಳು ಡೋಟಾದಲ್ಲಿ ಸಾವಿರ ಇವೆ. ಮೊದಲ ಸೆಮಿಸ್ಟರಿನ ಹುಡುಗನಿಗೆ ಇದು ಬೇಡ. ಮ್ಯಾಥ್ಸ್ ಹೋಗುತ್ತದೆ.

ಲೈನಿನ ಮಾತು

ಪಿಂಗ್ ಅಂದರೆ ನಿನ್ನ ಏಟು ಸರ್ವರಿಗೆ ಹೋಗಿ ಸುದ್ದಿ ವಾಪಸು ಬರಲು ಹಿಡಿಯುವ ಹೊತ್ತು. ಫೈಬರಿನೊಳಗೆ ಬೆಳಕು ಸೆಕೆಂಡಿಗೆ ಸುಮಾರು ಎರಡು ಲಕ್ಷ ಕಿಲೋಮೀಟರ್ ಓಡುತ್ತದೆ. ಬಳ್ಳಾರಿಯಿಂದ ಮುಂಬೈಗೆ ನೇರ ಗೆರೆ ಎಳೆದರೆ ಆರುನೂರು ಕಿಲೋಮೀಟರ್ ಚಿಲ್ಲರೆ, ಸಿಂಗಾಪುರಕ್ಕೆ ಮೂರು ಸಾವಿರಕ್ಕೂ ಮೇಲೆ. ಎಷ್ಟೇ ದುಡ್ಡಿನ ಪ್ಲಾನ್ ಹಾಕಿಸಿದರೂ ಸಿಂಗಾಪುರಕ್ಕೆ ಹೋಗಿಬರಲು ಮೂವತ್ತು ಮಿಲಿಸೆಕೆಂಡಿಗೆ ಕಡಿಮೆ ಆಗದು, ಅದು ಬೆಳಕಿನ ಮಿತಿ. ಲೈನೇನು ನೇರವಾಗಿ ಹೋಗುವುದಿಲ್ಲ, ಬೆಂಗಳೂರೋ ಹೈದರಾಬಾದೋ ಸುತ್ತಿಕೊಂಡು ಹೋಗುತ್ತದೆ. ನನಗೆ ಮುಂಬೈ ಸರ್ವರಿಗೆ ನಲವತ್ತರ ಆಸುಪಾಸು ಬರುತ್ತದೆ, ಸಾಕು. ಈಗ ಸಿಎಸ್2, ಡೋಟಾ, ವ್ಯಾಲರಂಟ್ ಮೂರಕ್ಕೂ ಭಾರತದಲ್ಲೇ ಸರ್ವರುಗಳಿವೆ. ಸಿಂಗಾಪುರದ ಸರ್ವರಿನಲ್ಲಿ ಆಡುತ್ತಿದ್ದ ಕಾಲದಲ್ಲಿ ಗೋಡೆ ಹಿಂದೆ ಅವಿತುಕೊಂಡ ಮೇಲೆ ಸಾಯುತ್ತಿದ್ದೆವು.

ನಲವತ್ತೋ ಅರವತ್ತೋ ಅನ್ನುವುದಕ್ಕಿಂತ ಅದು ಅಲುಗಾಡದಿರುವುದು ಮುಖ್ಯ. ಸಂಜೆ ಮೊಬೈಲ್ ಡೇಟಾದಲ್ಲಿ ಐವತ್ತು, ಮುನ್ನೂರು, ಮತ್ತೆ ಐವತ್ತು ಅಂತ ಕುಣಿಯುತ್ತದಲ್ಲ, ಅದರಲ್ಲಿ ಬಂದೂಕಿನ ಆಟ ಆಡುವುದೂ ಒಂದೇ, ಗಾಳಿಪಟದ ದಾರದಲ್ಲಿ ಮೀನು ಹಿಡಿಯುವುದೂ ಒಂದೇ. ರೂಟರಿನಿಂದ ಕಂಪ್ಯೂಟರಿಗೆ ವೈರು ಎಳೆಯಿರಿ. ರೂಟರಿಗೆ ಹನ್ನೆರಡು ವೋಲ್ಟಿನ ಸಣ್ಣ ಯುಪಿಎಸ್ ಸಿಗುತ್ತದೆ, ತಗೊಳ್ಳಿ. ಮನೆಯಲ್ಲಿ ಇನ್ವರ್ಟರ್ ಇದ್ದರೆ ಅದರ ಹಿಂದೆ ಯುಪಿಎಸ್ ಮೋಡ್ ಅನ್ನುವ ಸ್ವಿಚ್ಚಿದೆಯಾ ನೋಡಿ. ಬಹಳ ಮನೆಗಳಲ್ಲಿ ಅದು ನಾರ್ಮಲ್‌ನಲ್ಲೇ ಇರುತ್ತದೆ. ಆಗ ಕರೆಂಟು ಹೋದರೆ ಇನ್ವರ್ಟರ್ ಎತ್ತಿಕೊಳ್ಳುವುದು ತುಸು ತಡ. ಫ್ಯಾನು, ಲೈಟಿಗೆ ಅದು ಗೊತ್ತಾಗುವುದಿಲ್ಲ, ಕಂಪ್ಯೂಟರು ಮಾತ್ರ ರೀಸ್ಟಾರ್ಟ್ ಆಗುತ್ತದೆ. ಆ ಸ್ವಿಚ್ಚು ತಿರುಗಿಸಿದ್ದರೆ ಮೇ ತಿಂಗಳ ನನ್ನ ಎರಡೂ ಶಿಕ್ಷೆ ತಪ್ಪುತ್ತಿದ್ದವು. ನನಗೆ ಗೊತ್ತಾದದ್ದು ಜೂನಿನಲ್ಲಿ.

ಮತ್ತೆ ಕೆಂಧೂಳು. ಹೊಸಪೇಟೆ ರಸ್ತೆ ಕಡೆ ಮನೆ ಇದ್ದವರು ತಿಂಗಳಿಗೊಮ್ಮೆ ಕ್ಯಾಬಿನೆಟ್ ಬಿಚ್ಚಿ ಊದಿಸಿ. ನಾನು ಹೊಲಿಗೆ ಮೆಷಿನ್ನಿನ ಅರಳೆ ಊದುವ ಬ್ಲೋವರನ್ನೇ ಬಳಸುತ್ತೇನೆ, ಫ್ಯಾನಿನ ರೆಕ್ಕೆಯನ್ನು ಬೆರಳಲ್ಲಿ ಹಿಡಿದುಕೊಂಡು.

ಮೊಬೈಲಿನವರಿಗೆ

ಮುಂಡರಗಿ ಇಂಡಸ್ಟ್ರಿಯಲ್ ಏರಿಯಾದ ನಮ್ಮ ಯೂನಿಟ್ಟಿನಲ್ಲಿ ಊಟದ ಬಿಡುವು ಅರ್ಧ ಗಂಟೆ. ಹುಡುಗರು ಹತ್ತು ನಿಮಿಷಕ್ಕೆ ಬುತ್ತಿ ಮುಗಿಸಿ ಜೀನ್ಸ್ ಬಂಡಲ್ಲುಗಳ ಮೇಲೆ ಒರಗುತ್ತಾರೆ. ಉಳಿದದ್ದು ಇಪ್ಪತ್ತು ನಿಮಿಷ. ಪಬ್‌ಜಿಯ ಬದಲು ಬಂದ ಬಿಜಿಎಂಐನ ದೊಡ್ಡ ಮ್ಯಾಪು ಎರಾಂಗಲ್ ಎಂಟು ಕಿಲೋಮೀಟರ್ ಉದ್ದ, ಎಂಟು ಅಗಲ, ನೂರು ಜನ. ಕೊನೆಯ ತನಕ ಉಳಿದರೆ ಅರ್ಧ ಗಂಟೆ. ಚೆನ್ನಾಗಿ ಆಡಿದವನು ಕೆಲಸಕ್ಕೆ ಲೇಟು. ಫ್ರೀ ಫೈರ್ ಮ್ಯಾಕ್ಸಿನಲ್ಲಿ ಐವತ್ತು ಜನ, ಹತ್ತು-ಹದಿನೈದು ನಿಮಿಷ, ಕಡಿಮೆ ಬೆಲೆಯ ಫೋನಿಗೂ ಆಗುತ್ತದೆ. ಬಿಡುವಿನ ಲೆಕ್ಕಕ್ಕೆ ಅದೇ ಸರಿ. ಭಾನುವಾರ ನಾಲ್ವರು ಗೆಳೆಯರು ಒಟ್ಟಿಗೆ ಕೂರುವುದಾದರೆ ಬಿಜಿಎಂಐ. ಜೀಪು ಹತ್ತಿ ಮಾತಾಡುತ್ತ ಹೋಗುವ ಸುಖ ಇನ್ನೊಂದರಲ್ಲಿಲ್ಲ. ತೆಲುಗು, ಕನ್ನಡ, ಉರ್ದು ಕಲಸಿ ಅವರಾಡುವ ಮಾತು ಕೇಳಲೆಂದೇ ನಾನು ಅಲ್ಲಿ ಚಹಾ ಹಿಡಿದು ನಿಲ್ಲುವುದುಂಟು. ‘ರೇಯ್, ಮನೆ ಪೀಛೆ ಉನ್ನಾಡು ನೋಡಲೇ’ ಅಂತ ಒಂದೇ ಸಾಲಿನಲ್ಲಿ ಮೂರು ಭಾಷೆ.

ಮೊಬೈಲ್ ಗೇಮಿಗೆ ಕರೆಂಟಿನ ಚಿಂತೆ ಇಲ್ಲ, ಅದರ ಚಿಂತೆ ಬೇರೆ. ಫೋನು ಬಂತೆಂದರೆ ನಿನ್ನ ಆಳು ಹೊಲದ ಬೆದರುಬೊಂಬೆಯ ಹಾಗೆ ಬಯಲಲ್ಲಿ ನಿಲ್ಲುತ್ತಾನೆ. ಇನ್ನೊಂದು, ಗೇಮೇ ಎದ್ದು ಹೋಗುತ್ತದೆ. ಪಬ್‌ಜಿ 2020ರ ಸೆಪ್ಟೆಂಬರ್ 2ರಂದು ನಿಷೇಧವಾಯಿತು. ಅದರ ಬದಲು ಬಿಜಿಎಂಐ 2021ರ ಜುಲೈನಲ್ಲಿ ಬಂತು, 2022ರ ಜುಲೈನಲ್ಲಿ ಆ್ಯಪ್ ಸ್ಟೋರುಗಳಿಂದ ಮಾಯವಾಯಿತು, 2023ರ ಮೇನಲ್ಲಿ ವಾಪಸು ಬಂತು. ಫ್ರೀ ಫೈರ್ 2022ರ ಫೆಬ್ರುವರಿಯಲ್ಲಿ ನಿಷೇಧವಾಯಿತು, ಮ್ಯಾಕ್ಸ್ ಉಳಿಯಿತು. ಆದ್ದರಿಂದ ಬಂದೂಕಿಗೆ ಬಣ್ಣ, ಆಳಿಗೆ ಬಟ್ಟೆ ಅಂತ ದುಡ್ಡು ಸುರಿಯಬೇಡಿ. ನಮ್ಮ ಓವರ್‌ಲಾಕ್ ಹುಡುಗ ಒಂದು ವಾರದ ಪಗಾರ ಕೊಟ್ಟು ಕೊಂಡ ಅಂಗಿ ಎರಡು ತಿಂಗಳಿಗೆ ಕಾಣದಾಯಿತು. ದಿನಕ್ಕೆ ನೂರು ಪ್ಯಾಂಟಿನ ಅಂಚು ಹೊಡೆಯುವವನು ಇಲ್ಲದ ಬಟ್ಟೆಗೆ ದುಡ್ಡು ಕೊಟ್ಟ.

ಮನೆಮಂದಿಗೆಲ್ಲ ಆಗುವುದು ಲೂಡೋ ಕಿಂಗ್. ಅದರ ಬಗ್ಗೆ ಹೇಳಲು ಹೆಚ್ಚೇನಿಲ್ಲ. ದುಡ್ಡು ಕಟ್ಟಿ ಆಡುವ ರಮ್ಮಿ ಗಿಮ್ಮಿ ಈ ಹೋಲಿಕೆಯಲ್ಲೇ ಇಲ್ಲ. 2025ರ ಆಗಸ್ಟಿನಲ್ಲಿ ಸಂಸತ್ತು ಕಾನೂನು ಮಾಡಿ ದುಡ್ಡಿನ ಆನ್‌ಲೈನ್ ಆಟಗಳನ್ನು ನಿಷೇಧಿಸಿದೆ. ಇನ್ನೂ ಯಾರಾದರೂ ಲಿಂಕು ಕಳಿಸಿದರೆ ಅಳಿಸಿಹಾಕಿ.

ಬಿಟ್ಟು ಎದ್ದರೂ ಹಿಂದೆ ಬರುವವು

ನನ್ನ ಪ್ರಶ್ನೆ ಒಂದೇ ಕಡೆ ಕೈಕೊಟ್ಟದ್ದು. 2008ರಲ್ಲಿ ಟ್ರಾವಿಯನ್ ಎಂಬ ಬ್ರೌಸರ್ ಗೇಮು ಹಿಡಿದಿತ್ತು. ಹಳ್ಳಿ ಕಟ್ಟು, ಗೋಧಿ ಬೆಳೆ, ದಂಡು ಸಾಕು. ಯಾವಾಗ ಬೇಕಾದರೂ ಮುಚ್ಚಿ ಏಳಬಹುದು, ಯಾರೂ ಶಿಕ್ಷೆ ಹಾಕುವುದಿಲ್ಲ. ಆದರೆ ನೀನು ಮಲಗಿದಾಗಲೂ ಆಟ ನಡೆದೇ ಇರುತ್ತದೆ. ಶತ್ರುವಿನ ದಂಡು ಬೆಳಗಿನ ಜಾವ 3.12ಕ್ಕೆ ಬಂದು ಸೇರುತ್ತದೆ ಅಂತ ಮೊದಲೇ ತೋರಿಸುತ್ತದೆ. ಅಲಾರಾಂ ಇಟ್ಟು ಎದ್ದು, ಡಯಲಪ್ಪಿನ ಕಿರುಚಾಟ ಮನೆಯವರಿಗೆ ಕೇಳದಿರಲಿ ಅಂತ ಮೋಡೆಮ್ ಮೇಲೆ ದಿಂಬು ಹಾಕಿ, ನನ್ನ ಸೈನಿಕರನ್ನು ಹೊರಗೆ ಕಳಿಸಿ ಮತ್ತೆ ಮಲಗುತ್ತಿದ್ದೆ. ಹತ್ತು ತಿಂಗಳು ಹೀಗೇ ನಡೆಯಿತು. ಯಾರದ್ದೋ ತಂಡ ಅದ್ಭುತ ಕಟ್ಟಡವನ್ನು ನೂರನೇ ಹಂತ ಮುಟ್ಟಿಸಿತು, ಸರ್ವರು ಮುಗಿಯಿತು, ಹಳ್ಳಿಯೂ ಇಲ್ಲ ಗೋಧಿಯೂ ಇಲ್ಲ. ಕ್ಲ್ಯಾಶ್ ಆಫ್ ಕ್ಲ್ಯಾನ್ಸ್ ಅದೇ ಮನೆತನದ್ದು, ಆದರೆ ದಯಾಳು: ಒಂದು ದಾಳಿ ಮೂರು ನಿಮಿಷ, ಜೋರು ಪೆಟ್ಟು ತಿಂದರೆ ಕೆಲ ಗಂಟೆ ಯಾರೂ ಮುಟ್ಟದಂತೆ ಗುರಾಣಿ. ನಿದ್ದೆಗೆಟ್ಟವರು ಅದನ್ನೂ ಹಾಕಿಸಿಕೊಳ್ಳಬೇಡಿ ಅಂತಲೇ ನಾನು ಹೇಳುವುದು.

ಹಳೆಯದೊಂದು

ಅಳಿಯ ಕೇಳದೇ ಇದ್ದದ್ದನ್ನೂ ಹಾಕಿಸಿದೆ: ಏಜ್ ಆಫ್ ಎಂಪೈರ್ಸ್ 2, ಊರು ಕಟ್ಟಿ ದಂಡು ನಡೆಸುವ ಆಟ. 1999ರ ಆಟ, 2019ರಲ್ಲಿ ಹೊಸ ರೂಪದಲ್ಲಿ ಬಂದಿದೆ, ದುಡ್ಡು ಕೊಟ್ಟು ಕೊಳ್ಳಬೇಕು, ಸೇಲಿಗೆ ಕಾದರೆ ಅಗ್ಗ. 2022ರಲ್ಲಿ ದ್ರಾವಿಡರು, ಬಂಗಾಳಿಗಳು, ಗುರ್ಜರರು ಅಂತ ನಮ್ಮ ಕಡೆಯ ಪಡೆಗಳೂ ಬಂದವು, ಅವು ಬೇರೆ ದುಡ್ಡಿಗೆ. ಕೆಫೆಯಲ್ಲಿ ನಾವು ಮಾತಿನ ಬದಲು ನಂಬರು ಒತ್ತುತ್ತಿದ್ದೆವು: 4 ಅಂದರೆ ಕಟ್ಟಿಗೆ ಕೊಡಿ, 5 ಅಂದರೆ ಬಂಗಾರ ಕೊಡಿ, 11 ಅಂದರೆ ಗಹಗಹಿಸುವ ನಗು. ಇವತ್ತಿಗೂ ಅವೇ ನಂಬರು. ದಿಬ್ಬದ ಮೇಲಿಂದ ಹೊಡೆದರೆ ಕಾಲು ಭಾಗ ಹೆಚ್ಚು ಪೆಟ್ಟು ಅನ್ನುವ ಕುಂಬಾರ ಗುಡ್ಡದ ನ್ಯಾಯ ಇಲ್ಲೂ ಇದೆ. ಎಲ್ಲಕ್ಕಿಂತ ಮುಖ್ಯವಾಗಿ ಗೆಳೆಯರ ಜತೆಗಿನ ಆಟವನ್ನು ಸೇವ್ ಮಾಡಿ, ಇನ್ನೊಂದು ದಿನ ಅದೇ ಜಾಗದಿಂದ ಮುಂದುವರಿಸಬಹುದು.

ಹೋದ ಭಾನುವಾರ ಅವನು ಅವನ ಮನೆಯಲ್ಲಿ, ನಾನು ನನ್ನ ಮನೆಯಲ್ಲಿ ಕೂತೆವು. ಒಂದೂವರೆ ಗಂಟೆ ಆಡಿ, ಹುಡುಗ ಆನೆ ದಂಡು ತಗೊಂಡು ನನ್ನ ಕೋಟೆ ಬಾಗಿಲಿಗೆ ಬಂದ. ಬಾಗಿಲು ಇನ್ನೊಂದೆರಡು ಗುದ್ದು ತಡೆಯುತ್ತಿತ್ತೇನೋ. ಅಷ್ಟರಲ್ಲಿ ಅವನ ಮೈಕಿನಲ್ಲಿ ಅಕ್ಕನ ದನಿ: ‘ಎಷ್ಟೊತ್ತಲೇ, ಗಿರಣಿ ಮುಚ್ಚತಾರ, ಏಳು.’

‘ಮಾಮ, ಸೇವ್ ಮಾಡು’ ಅಂದ. ಮಾಡಿದೆ. ಈ ವಾರ ಅವನಿಗೆ ಇಂಟರ್ನಲ್ಸು. ಆನೆಗಳು ಬಾಗಿಲಲ್ಲೇ ನಿಂತಿವೆ.